ಗುಡ್ಡದ ಜಮೀನಿಗೆ ಎಂತಹ ಟ್ರಾಕ್ಟರ್?



ಈಚಿನ ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಮಲೆನಾಡಿನ ಜಮೀನಿನತ್ತ ಮತ್ತೆ ಮುಖ ಮಾಡಿದ್ದಾರೆ. ಕೆಲವರದು ಅಜ್ಜನ ಕಾಲದ ತೋಟ. ಇನ್ನು ಕೆಲವರದು, 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಬಳಿಕ ಹೊಸದಾಗಿ ಕೊಂಡ ಗುಡ್ಡ. ಇದು ಸಂತೋಷದ ಸಂಗತಿಯೇ. ಆದರೆ ಇವರೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: “ಸಾರ್, ಎಷ್ಟು ಎಚ್.ಪಿ. ಟ್ರಾಕ್ಟರ್ ತೆಗೆದುಕೊಳ್ಳಲಿ?”

ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಜಮೀನಿನ ಇಳಿಜಾರು ಎಷ್ಟು, ವರ್ಷದಲ್ಲಿ ಎಷ್ಟು ದಿನದ ಕೆಲಸವಿದೆ, ಯಂತ್ರವನ್ನು ನಡೆಸುವವರು ಯಾರು - ಈ ಮೂರಕ್ಕೆ ಉತ್ತರ ದೊರೆತ ಮೇಲೆಯೇ ಅಶ್ವಶಕ್ತಿಯ ಮಾತು. ಬಯಲುಸೀಮೆಯಲ್ಲಿ ಆಯ್ಕೆ ತಪ್ಪಿದರೆ ಹಣ ಹೋದೀತು. ಗುಡ್ಡದಲ್ಲಿ ಜೀವವೇ ಹೋಗಬಹುದು.

ಇಳಿಜಾರನ್ನು ಅಳೆಯಲು ಎಂಜಿನಿಯರು ಬೇಕಿಲ್ಲ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ ಸಾಕು. ಹತ್ತು ಅಡಿಯ ನೆಟ್ಟನೆಯ ಬಿದಿರಿನ ಗಳವೊಂದರ ತುದಿಯನ್ನು ಮೇಲ್ಭಾಗದ ನೆಲಕ್ಕೆ ತಾಗಿಸಿ, ರಸಮಟ್ಟವಿಟ್ಟು ಸಮತಲವಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂತರವೆಂದು ಅಳೆಯಿರಿ. ಒಂದೂವರೆ ಅಡಿ ಬಂದರೆ ಇಳಿಜಾರು ಶೇಕಡಾ 15. ಮೂರು ಅಡಿ ಬಂದರೆ ಶೇಕಡಾ 30. ಜಮೀನಿನ ನಾಲ್ಕಾರು ಕಡೆ, ಮುಖ್ಯವಾಗಿ ಬಂಡಿದಾರಿಯಲ್ಲಿ, ಹೀಗೆ ಅಳೆದು ಬರೆದಿಟ್ಟುಕೊಳ್ಳಿ. ಸುಮಾರು ಶೇಕಡಾ 16ರಿಂದ 33ರವರೆಗಿನ ಇಳಿಜಾರಿನಲ್ಲಿ ಮೆಟ್ಟಿಲು ಪಟ್ಟಿಗಳನ್ನು ನಿರ್ಮಿಸಿಯೇ ಬೇಸಾಯ ಮಾಡಬೇಕೆಂಬುದು ಮಣ್ಣು ಸಂರಕ್ಷಣೆಯ ಬಲ್ಲವರು ಒಪ್ಪಿದ ರೂಢಿ. ಅಂಥಲ್ಲಿ ಟ್ರಾಕ್ಟರು ಪಟ್ಟಿಯ ಮೇಲೆ ಅಥವಾ ಒಳ್ಳೆಯ ದಾರಿಯಲ್ಲಿ ಮಾತ್ರ ಓಡಬೇಕು. ಗುಡ್ಡದ ಮೈಗೆ ಅಡ್ಡಲಾಗಿ ಎಂದೂ ಓಡಬಾರದು.

ಇನ್ನು ಯಂತ್ರದ ಮಾತು. 45-50 ಎಚ್.ಪಿ.ಯ ಟ್ರಾಕ್ಟರು ಬಯಲಿನ ಹೊಲಕ್ಕಾಗಿ ರೂಪುಗೊಂಡದ್ದು. ಒಂಬತ್ತು ಅಡಿಗೊಂದು ಮರವಿರುವ ಅಡಿಕೆ ತೋಟದಲ್ಲಿ ಅದು ತಿರುಗುವುದೇ ಕಷ್ಟ. ಅದರ ಭಾರಕ್ಕೆ ಹಸಿ ಮಣ್ಣು ಗಟ್ಟಿಯಾಗಿ, ಬಸಿಗಾಲುವೆಯ ಅಂಚು ಕುಸಿಯುತ್ತದೆ. ಇಂತಹ ತೋಟಗಳಿಗೆಂದೇ ನಾಲ್ಕೂ ಚಕ್ರಗಳು ಎಳೆಯುವ ಚಿಕ್ಕ ಟ್ರಾಕ್ಟರುಗಳಿವೆ. 24 ಎಚ್.ಪಿ.ಯ ಮಹೀಂದ್ರ ಜೀವೊ 245, ಕುಬೋಟಾ ಬಿ2441 ಅಂಥವು. ಹೆಸರು ಹೇಳಿದ್ದು ಉದಾಹರಣೆಗಷ್ಟೇ ಹೊರತು ಯಾವ ಕಂಪನಿಯ ಪರವಾಗಿಯೂ ಅಲ್ಲ. ‘ಫೋರ್ ವೀಲ್ ಡ್ರೈವ್’ ಹತ್ತುವುದಕ್ಕೆ ಮಾತ್ರ ಎಂದು ಹಲವರು ಭಾವಿಸಿದ್ದಾರೆ. ಇಳಿಯುವಾಗ ಅದರ ಉಪಯೋಗ ಇನ್ನೂ ಹೆಚ್ಚು. ಟ್ರಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ ಇರುತ್ತದೆ. ನಾಲ್ಕೂ ಚಕ್ರಗಳನ್ನು ಜೋಡಿಸಿದಾಗ ಮುಂದಿನವೂ ವೇಗ ತಡೆಯಲು ನೆರವಾಗುತ್ತವೆ. ಆದರೆ ಚಿಕ್ಕದೆಂದ ಮಾತ್ರಕ್ಕೆ ಮಗುಚುವುದಿಲ್ಲವೆಂದು ತಿಳಿಯಬೇಡಿ. ಚಕ್ರಗಳ ನಡುವಿನ ಅಂತರ ಕಿರಿದಾದಷ್ಟೂ ಯಂತ್ರ ಪಕ್ಕಕ್ಕೆ ಬೀಳುವ ಅಪಾಯ ಹೆಚ್ಚು. ಮರಗಳ ಸಾಲು ಅವಕಾಶ ಕೊಡುವಷ್ಟು ಆ ಅಂತರವನ್ನು ಅಗಲವಾಗಿಯೇ ಹೊಂದಿಸಿಕೊಳ್ಳಬೇಕು.

ಬೆಲೆಯ ಚೌಕಾಶಿಯಲ್ಲಿ ಬಿಟ್ಟುಕೊಡಬಾರದ ಒಂದು ವಸ್ತುವಿದೆ. ಅದು ಆಸನದ ಹಿಂದಿನ ಉಕ್ಕಿನ ಕಮಾನು ಮತ್ತು ಸೀಟ್ ಬೆಲ್ಟು. ಟ್ರಾಕ್ಟರು ಮಗುಚಿದರೂ ಚಾಲಕನು ಅದರಡಿ ಸಿಲುಕದಂತೆ ಈ ಕಮಾನು ಕಾಯುತ್ತದೆ. ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಅಲ್ಲಿ ಟ್ರಾಕ್ಟರು ಮಗುಚಿ ಸಾಯುವವರ ಸಂಖ್ಯೆ ಮುಂದೆ ತೀರ ಇಳಿಯಿತು. ನಮ್ಮಲ್ಲಿ ಕೊಂಬೆಗೆ ತಾಗುತ್ತದೆಂದು ಕಮಾನನ್ನೇ ಬಿಚ್ಚಿ ಕೊಟ್ಟಿಗೆಯಲ್ಲಿಡುವವರಿದ್ದಾರೆ. ಮಡಚುವ ಕಮಾನು ಇರುವುದನ್ನು ಕೊಳ್ಳಿ. ಮರದಡಿಯಿಂದ ಹೊರಬಂದೊಡನೆ ಎತ್ತಿ ನಿಲ್ಲಿಸಿ. ಕಮಾನು ನಿಂತಿದ್ದಾಗ ಬೆಲ್ಟು ಕಟ್ಟಲೇಬೇಕು, ಮಡಚಿದಾಗ ಕಟ್ಟಬಾರದು. ಭಾರವನ್ನು ಎಳೆಯುವಾಗ ಸರಪಳಿಯನ್ನು ಕೆಳಗಿನ ಎಳೆಕೊಂಡಿಗೇ ಹಾಕಬೇಕು. ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೆ ಮುಂಭಾಗ ಮೇಲೆದ್ದು, ಒಂದೆರಡು ಸೆಕೆಂಡುಗಳಲ್ಲಿ ಯಂತ್ರ ಹಿಂದಕ್ಕೆ ಮಗುಚಬಹುದು. ಕ್ಲಚ್ ಒತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಎರಡನೆಯ ಪ್ರಶ್ನೆ ಕೆಲಸದ ದಿನಗಳದು. ಅಡಿಕೆ ತೋಟದಲ್ಲಿ ಉಳುಮೆ ಎಷ್ಟಿದೆ? ಕಳೆ ಕತ್ತರಿಸಲು ಕೈಯಂತ್ರ, ಗುಂಡಿ ತೋಡಲು ಬೇರೆ ಯಂತ್ರ, ಕೊನೆ ಕೊಯ್ಯಲು ದೋಟಿ ಇವೆ. ಟ್ರಾಕ್ಟರಿಗೆ ಉಳಿಯುವುದು ಗೊಬ್ಬರ, ಮಣ್ಣು, ಅಡಿಕೆ ಸಾಗಿಸುವ ಕೆಲಸ. ಅಂದರೆ ನೀವು ಕೊಳ್ಳುತ್ತಿರುವುದು ನೇಗಿಲನ್ನಲ್ಲ, ಬಂಡಿಯನ್ನು. ತುಂಬಿದ ಟ್ರೇಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಇಳಿಜಾರಿನಲ್ಲಿ ಅದೇ ಟ್ರಾಕ್ಟರನ್ನು ದೂಡುತ್ತದೆ. ಆದ್ದರಿಂದ ಅರ್ಧ ಹೇರು ಹೇರಿ, ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ. ನಡುವೆ ಕ್ಲಚ್ ಒತ್ತಬೇಡಿ.

ಎರಡು-ಮೂರು ಎಕರೆಯವರಿಗೆ ಪವರ್ ಟಿಲ್ಲರೇ ಸಾಕು ಎಂಬುದು ನನ್ನ ನಿಲುವು. ಬಾಡಿಗೆಯ ದಾರಿಯೂ ಇದೆ; ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ‘ಕೃಷಿ ಯಂತ್ರಧಾರೆ’ಯ ಉದ್ದೇಶವೇ ಅದು. “ಬೇಕಾದ ದಿನ ಬಾಡಿಗೆಗೆ ಸಿಗುವುದಿಲ್ಲ, ಆಳುಗಳೂ ಇಲ್ಲ” ಎಂಬ ನಿಮ್ಮ ಆಕ್ಷೇಪದಲ್ಲಿ ಸತ್ಯವಿದೆ. ಹಾಗಿದ್ದರೆ ನೆರೆಯ ಮೂರು-ನಾಲ್ಕು ಮನೆಯವರು ಕೂಡಿ ಒಂದನ್ನು ಕೊಳ್ಳಬಾರದೇಕೆ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಸಾಲದ ಕಂತಿಗೂ ಸಲ್ಲುತ್ತದೆ.

ಇನ್ನು ಕೆಲವರು ಯಂತ್ರಕ್ಕೆ ತಕ್ಕಂತೆ ಗುಡ್ಡವನ್ನೇ ಬದಲಿಸಹೊರಡುತ್ತಾರೆ. ಜೆಸಿಬಿ ತರಿಸಿ ಎರಡು ದಿನದಲ್ಲಿ ಬುಡ ಕಡಿದು ಸಮತಟ್ಟು ಮಾಡುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು ಕಂಡ ಕುಸಿತಗಳನ್ನು ಮರೆಯಬಾರದು. ಶಿರೂರಿನ ಗುಡ್ಡ ಜರಿದದ್ದು ಹೆದ್ದಾರಿಯ ಅಂಚಿನಲ್ಲಿಯೇ. ನೀರು ಹರಿದುಹೋಗಲು ದಾರಿಯಿಲ್ಲದ ಕಡಿದಾದ ಧರೆ ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಅದರ ಕೆಳಗೆ ನಿಮ್ಮದಲ್ಲದ ಮನೆಯೊಂದು ಇರಬಹುದು.

ಮೂರನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುವುದು. ನೀವು ಇರುವುದು ಬೆಂಗಳೂರಿನಲ್ಲಿ, ಯಂತ್ರ ಇರುವುದು ಊರಿನಲ್ಲಿ. ಚಾಲಕ ಬಾರದ ದಿನ ಅದರ ಮೇಲೆ ಕೂರುವವರು ಎಪ್ಪತ್ತು ದಾಟಿದ ನಿಮ್ಮ ತಂದೆಯೋ, ಚಿಕ್ಕಪ್ಪನೋ. ಮಗ ಕೊಡಿಸಿದ ಯಂತ್ರ ಸುಮ್ಮನೆ ನಿಂತಿರುವುದನ್ನು ಅವರು ಸಹಿಸಲಾರರು. ಆದ್ದರಿಂದ ಮುಂಗಡ ಕೊಡುವ ಮೊದಲು ಮಾರಾಟಗಾರರನ್ನು ನಿಮ್ಮ ಜಮೀನಿಗೇ ಕರೆಸಿ, ನುರಿತ ಚಾಲಕನಿಂದ ನಿಮ್ಮ ದಾರಿಯಲ್ಲಿಯೇ ಓಡಿಸಿ ತೋರಿಸಲು ಹೇಳಿ. ಮನೆಯ ಹಿರಿಯರು ಪಕ್ಕದಲ್ಲಿ ನಿಂತು ನೋಡಲಿ. “ಇದು ನನ್ನಿಂದಾಗದು” ಎಂದು ಅವರು ಹೇಳಿದರೆ, ಆ ಮಾತಿಗೆ ಮಾರಾಟಗಾರನ ಮಾತಿಗಿಂತ ಹೆಚ್ಚು ಬೆಲೆ ಕೊಡಿ.

ಮುಂದಿನ ಸಲ ಊರಿಗೆ ಹೋದಾಗ ಬಿದಿರಿನ ಗಳ ಹಿಡಿದು ಇಳಿಜಾರನ್ನು ಅಳೆಯಿರಿ. ಎಷ್ಟು ಬಂತೆಂದು ನನಗೆ ಬರೆದು ತಿಳಿಸಿ. ಎಚ್.ಪಿ.ಯ ವಿಚಾರ ಆಮೇಲೆ ಮಾತನಾಡೋಣ.