ಅನಂತಮೂಲದ ಪಾನಕ

ಯುಗಾದಿ ಕಳೆದು ರಾಮನವಮಿ ಸಮೀಪಿಸುವಷ್ಟರಲ್ಲಿ ಮನೆಮಂದಿಗೆಲ್ಲ ನೀರಡಿಕೆಯೇ ದೊಡ್ಡ ಚಿಂತೆಯಾಗುತ್ತದೆ. ಬೆಲ್ಲ, ಶುಂಠಿ, ಏಲಕ್ಕಿಗಳ ಪಾನಕವು ಹಬ್ಬದ ದಿನಕ್ಕೆ ಸಲ್ಲುವುದು. ಉಳಿದ ಬಿಸಿಲಿಗೆ ಹಿಂದಿನವರು ನೆಚ್ಚಿದವುಗಳಲ್ಲಿ ಸೊಗದೆ ಬೇರೂ ಒಂದು. ನಾಮದ ಬೇರೆಂದೂ ಸುಗಂಧಿ ಬೇರೆಂದೂ ಕರೆಯಿಸಿಕೊಳ್ಳುವ ಇದೇ ತಮಿಳರ ನನ್ನಾರಿ. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಸಾರಿವಾ ಎಂದು ಹೆಸರಿಸಿ, ತಂಪಿನ ದ್ರವ್ಯಗಳ ಸಾಲಿಗೆ ಸೇರಿಸಿವೆ.

ಈ ಪಾನಕ ಕೆಡುವುದು ಒಲೆಯ ಮೇಲೆ. ಕಷಾಯದಂತೆ ಬೇರನ್ನು ಕುದಿಸಿ ಬತ್ತಿಸಿದರೆ ಮನೆಯೆಲ್ಲ ಘಮಘಮಿಸುವುದೇನೋ ನಿಜ. ಆದರೆ ಮನೆಗೆ ಹರಡಿದ ಪರಿಮಳ ಲೋಟದಲ್ಲಿ ಉಳಿಯದು. ಬೇರಿನ ಸುವಾಸನೆಯ ವಸ್ತು ಆವಿಯೊಡನೆ ಹಾರಿಹೋಗುವಂಥದು. ವೆನಿಲ್ಲಾದ ಪರಿಮಳದ ಅಣುವಿನಲ್ಲಿಯೂ ಇದರಲ್ಲಿಯೂ ಇರುವ ಪರಮಾಣುಗಳು ಅವೇ, ಅಷ್ಟೇ. ಜೋಡಣೆ ಮಾತ್ರ ಬೇರೆ.

ಆದುದರಿಂದ 50 ಗ್ರಾಂ ಒಣಬೇರನ್ನು ಮಣ್ಣು ಹೋಗುವಂತೆ ತೊಳೆದು, ಲಘುವಾಗಿ ಜಜ್ಜಿ, ಒಳಗಿನ ಬಿಳಿಯ ಕಟ್ಟಿಗೆಯನ್ನು ತೆಗೆದುಹಾಕಬೇಕು, ಪರಿಮಳವಿರುವುದು ತೊಗಟೆಯಲ್ಲಿ. ಅದರ ಮೇಲೆ 500 ಮಿಲಿಲೀಟರ್ ಕುದಿಯುವ ನೀರೆರೆದು, ಮುಚ್ಚಿ, ರಾತ್ರಿಯೆಲ್ಲ ಬಿಡಬೇಕು. ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, 1 ಕಿಲೋ ಸಕ್ಕರೆ ಬೆರೆಸಿ, ಅದು ಕರಗುವಷ್ಟು ಮಾತ್ರ ಸಣ್ಣ ಉರಿಯಲ್ಲಿಟ್ಟು ಇಳಿಸಬೇಕು. ಆರಿದ ಪಾಕವನ್ನು ಒಣಗಿದ ಸೀಸೆಯಲ್ಲಿ ತುಂಬಿಟ್ಟರೆ ಕೆಲವು ವಾರ ಬಾಳುತ್ತದೆ. ಒಂದು ಲೋಟ ತಣ್ಣೀರಿಗೆ ಎರಡು ಮೂರು ಚಮಚ ಪಾಕ, ಅರ್ಧ ನಿಂಬೆಹಣ್ಣಿನ ರಸ, ಪಾನಕ ಸಿದ್ಧ.

ಈ ಬೇರಿಗೆ ಅನಂತಮೂಲವೆಂಬ ಹೆಸರೂ ಉಂಟು. ಆದರೆ ಹೆಸರನ್ನು ನಂಬಿ ಅಗೆಯುತ್ತ ಹೋದರೆ ಯಾವ ಮೂಲವೂ ಅನಂತವಲ್ಲ. ಎಲೆ ಕೊಯ್ದ ಬಳ್ಳಿ ಚಿಗುರೀತು. ಬೇರನ್ನೇ ಪೂರ್ತಿ ಕಿತ್ತರೆ ಚಿಗುರುವುದೆಲ್ಲಿಂದ? ಅಂಗಡಿಗೆ ಬರುವ ಬೇರಿನ ಹೆಚ್ಚಿನ ಪಾಲು ಕಾಡಿನದು. ಇದೇ ವಾಸನೆಯ ಮಾಗಳಿ ಬೇರನ್ನು ಉಪ್ಪಿನಕಾಯಿಗೂ ಪಾನಕಕ್ಕೂ ಬಗೆದು ಬಗೆದು, ಅದು ದಕ್ಷಿಣದ ಬೆಟ್ಟಗಳಲ್ಲಿ ಈಗ ವಿರಳವಾಗಿದೆ. ಸೊಗದೆಗೂ ಅದೇ ಗತಿ ಬರಬೇಕಾಗಿಲ್ಲ.

ಮಳೆಗಾಲದ ಮೊದಲಲ್ಲಿ ಬೇರಿನ ಹಸಿತುಂಡೊಂದನ್ನು ಆಳವಾದ ಕುಂಡದಲ್ಲಿ ನೆಟ್ಟರೆ ಸಾಕು. ಹಿತ್ತಿಲಿಲ್ಲದ ಮನೆಯಲ್ಲಿಯೂ ಬಳ್ಳಿ ಕಿಟಕಿಯ ಸರಳಿಗೆ ಹಬ್ಬುತ್ತದೆ. ಬೇರು ಬಲಿಯಲು ಎರಡು ಮೂರು ವರ್ಷ ಕಾಯಬೇಕು. ಆಗ ಪಕ್ಕದ ಬೇರು ಒಂದೆರಡನ್ನು ಮಾತ್ರ ತೆಗೆದು, ತಾಯಿಬೇರಿಗೆ ಮಣ್ಣು ಮುಚ್ಚಿದರೆ, ಮುಂದಿನ ಬೇಸಿಗೆಗೆ ಪಾನಕವೂ ಉಂಟು, ಬಳ್ಳಿಯೂ ಉಂಟು.