20 ವರ್ಷ ದಾಟಿದ ಗಾಡಿಗೆ 10 ಸಾವಿರ: ಸೊರಬದ ಜೀಪು, ಓಮ್ನಿ, ಯೆಜ್ಡಿ ಉಳಿಸಿಕೊಳ್ಳೋದು ಹೇಗೆ?

ಸೊರಬ: ಅಪ್ಪ ತಂದ ಫಿಯೆಟ್, ಚಿಕ್ಕಪ್ಪನ ಯೆಜ್ಡಿ, ತೋಟಕ್ಕೆ ಗೊಬ್ಬರ ಹೊತ್ತ ಮಹೀಂದ್ರ ಜೀಪು, ಅಂಗಡಿಗೆ ಸಾಮಾನು ತಂದ ಮಾರುತಿ ಓಮ್ನಿ. ಕೊಟ್ಟಿಗೆ ಪಕ್ಕದಲ್ಲೋ ಅಡಿಕೆ ಚಪ್ಪರದ ಕೆಳಗೋ ಟಾರ್ಪಲ್ ಹೊದ್ದು ನಿಂತಿರುವ ಇಂಥ ಗಾಡಿಗಳಿಗೆ ಈಗ ಮತ್ತೆ ಬೆಲೆ ಬಂದಿದೆ. ಹುಡುಗರು ಹೊರಗೆಳೆದು, ತೊಳೆದು, ಟಿಂಕರಿಂಗ್ ಮಾಡಿಸಿ, ಹೊಸ ಬಣ್ಣ ಹೊಡೆಸಿ ಓಡಿಸುವ ಆಸೆ ಪಡ್ತಿದ್ದಾರೆ. ಆದರೆ ಹಳೇ ಗಾಡಿ ಮೇಲೆ ಪ್ರೀತಿ ಹೆಚ್ಚಾದ ಹೊತ್ತಿಗೇ ಅದರ ಕಾಗದದ ಖರ್ಚೂ ಹೆಚ್ಚಾಗಿ ಕೂತಿದೆ.

ಕೇಂದ್ರ ಸಾರಿಗೆ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೊರಡಿಸಿದ ತಿದ್ದುಪಡಿ ಪ್ರಕಾರ 20 ವರ್ಷ ದಾಟಿದ ಕಾರು, ಜೀಪಿನಂಥ ಲಘು ವಾಹನದ ಆರ್‌ಸಿ ನವೀಕರಣಕ್ಕೆ 10,000 ರೂ. ಬೈಕಿಗೆ 2,000 ರೂ. ಇದಕ್ಕೂ ಮೊದಲು 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿಗೆ 5,000, ಬೈಕಿಗೆ 1,000 ಅಂತ ಆಗಿತ್ತು. ಅದಕ್ಕೂ ಹಿಂದೆ ಕಾರಿಗೆ ಬರೀ 600 ರೂ., ಬೈಕಿಗೆ 300 ರೂ.

ಒಂದು ಲೆಕ್ಕ ಹಾಕಿ. 2001ರಲ್ಲಿ ನೋಂದಣಿಯಾದ ಓಮ್ನಿ ಒಂದಿದೆ ಅಂದುಕೊಳ್ಳೋಣ. ಮೊದಲ 15 ವರ್ಷ ಮುಗಿದ ಮೇಲೆ 2016ರಲ್ಲಿ ನವೀಕರಣ. ಐದು ವರ್ಷ ಬಿಟ್ಟು 2021ರಲ್ಲಿ ಮತ್ತೆ ನವೀಕರಣ, ಆಗ 600. 2026ರಲ್ಲಿ ಅದೇ ಗಾಡಿಗೆ 10,000. ವರ್ಷಕ್ಕೆ ಹಂಚಿದರೆ 2,000 ರೂ., ಅಷ್ಟೇನೂ ದೊಡ್ಡದಲ್ಲ ಅನ್ನಬಹುದು. ಆದರೆ ವಾರಕ್ಕೆರಡು ಸಲ ಆನವಟ್ಟಿಗೋ ಶಿರಾಳಕೊಪ್ಪಕ್ಕೋ ಹೋಗಿ ಬರುವ ಅಂಗಡಿಯವರಿಗೆ ಒಂದೇ ಏಟಿಗೆ ಹತ್ತು ಸಾವಿರ, ಅದರ ಮೇಲೆ ಇನ್ಶೂರೆನ್ಸು, ಹೊಗೆ ತಪಾಸಣೆ, ಸಾಗರದ ಆರ್‌ಟಿಒ ಕಚೇರಿಗೆ ಗಾಡಿ ಒಯ್ದು ತೋರಿಸುವ ಒಂದು ದಿನದ ವ್ಯಾಪಾರ ನಷ್ಟ, ಎಲ್ಲ ಸೇರಿದರೆ ಕೈ ಕಚ್ಚೋದು ನಿಜ.

ಹೆಚ್ಚು ಜನ ಸಿಕ್ಕಿಬೀಳುವುದು ಮಾತ್ರ ಬೇರೆ ಕಡೆ. ಅವಧಿ ಮುಗಿದ ಮೇಲೂ ನವೀಕರಣ ಮಾಡಿಸದೆ ಬಿಟ್ಟರೆ ಕಾರಿಗೆ ತಿಂಗಳಿಗೆ 500, ಬೈಕಿಗೆ ತಿಂಗಳಿಗೆ 300 ರೂ. ಹೆಚ್ಚುವರಿ ಶುಲ್ಕ ನಿಯಮದಲ್ಲಿದೆ. "ಓಡಿಸ್ತಿಲ್ವಲ್ಲ, ಆಮೇಲೆ ನೋಡೋಣ" ಅಂತ ಎರಡು ವರ್ಷ ಚಪ್ಪರದಡಿ ಬಿಟ್ಟ ಕಾರಿಗೆ ತಡದ ಲೆಕ್ಕವೇ 12,000. ಮೂಲ ಶುಲ್ಕ ಸೇರಿ 22,000. ಎಷ್ಟೋ ಹಳೇ ಓಮ್ನಿಗೆ ಅಷ್ಟು ಬೆಲೆಯೇ ಬರೋದಿಲ್ಲ. ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶ ಇದೆ. ಆದ್ದರಿಂದ ಮನೆಯಲ್ಲಿ ಹಳೇ ಗಾಡಿ ಇದ್ದವರು ಮೊದಲು ಮಾಡಬೇಕಾದ ಕೆಲಸ ಬಣ್ಣ ಹೊಡೆಸುವುದಲ್ಲ. ಆರ್‌ಸಿ ತೆಗೆದು ತಾರೀಕು ನೋಡುವುದು.

'15 ವರ್ಷ ಆಯ್ತು, ಬ್ಯಾನ್' ಅನ್ನೋ ಮಾತು

ಹಳೇ ಗಾಡಿ ಅಗ್ಗಕ್ಕೆ ಹೊಡೆಯೋರು ಮೊದಲು ಹೇಳೋ ಮಾತು ಇದು. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗೆ ನಿರ್ಬಂಧ ಅನ್ನೋದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ ವಿಚಾರ. ಹಸಿರು ನ್ಯಾಯಮಂಡಳಿ 2015ರಲ್ಲಿ, ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ಆದೇಶಗಳು ಆ ಪ್ರದೇಶಕ್ಕೆ ಸೇರಿದವು. ಸೊರಬದ ಖಾಸಗಿ ಗಾಡಿ ತಪಾಸಣೆಯಲ್ಲಿ ಪಾಸಾಗಿ ಶುಲ್ಕ ಕಟ್ಟಿದರೆ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ. 15 ವರ್ಷಕ್ಕೆ ಕಡ್ಡಾಯವಾಗಿ ಗುಜರಿಗೆ ಹೋಗಬೇಕಾದದ್ದು ಸರ್ಕಾರಿ ಇಲಾಖೆಗಳ ವಾಹನ, ಅದೂ 2023ರ ಏಪ್ರಿಲ್‌ನಿಂದ. ಈ ವ್ಯತ್ಯಾಸ ಗೊತ್ತಿಲ್ಲದೆ ಚೆನ್ನಾಗಿ ಓಡುವ ಜೀಪನ್ನು ತೂಕದ ಲೆಕ್ಕದಲ್ಲಿ ಕೊಟ್ಟವರು ಆಮೇಲೆ ಕೈ ಹಿಸುಕಿಕೊಳ್ಳಬೇಕು.

ನಿಜವಾಗಿಯೂ ಗುಜರಿಗೇ ಕೊಡೋದಾದರೆ ಆರ್‌ಸಿ ರದ್ದು ಮಾಡಿಸಲೇಬೇಕು. ಬಿಡಿಭಾಗ ಆಗದೆ ಅದು ಮತ್ತೆಲ್ಲೋ ಓಡಿ ಅಪಘಾತ ಮಾಡಿದರೆ ಹುಡುಕಿಕೊಂಡು ಬರೋದು ಹಳೇ ಮಾಲೀಕರ ಮನೆಗೇ. ಓಡುವ ಗಾಡಿಯನ್ನು ಮಾರಿದರೂ ಅಷ್ಟೇ, ಫಾರಂ 29 ಮತ್ತು 30 ಸಹಿ ಮಾಡಿ ಕೊಟ್ಟರೆ ಸಾಲದು, ಹೆಸರು ಬದಲಾಯಿತೇ ಅಂತ ನೋಡಿಕೊಳ್ಳಬೇಕು.

ವಿಂಟೇಜ್ ನಿಯಮ ಯಾರಿಗೆ?

ಹಳೇ ಕಾರು ಪ್ರೀತಿಸೋರಿಗೆ ಅಂತಲೇ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನ, ಮೂಲ ರೂಪದಲ್ಲೇ ಉಳಿದಿದ್ದರೆ ವಿಂಟೇಜ್. ಹೊಸದಾಗಿ ನೋಂದಣಿ ಮಾಡಿಸಿದರೆ 'ವಿಎ' ಅಕ್ಷರದ ಸಂಖ್ಯೆ, ಶುಲ್ಕ 20,000 ರೂ. ಮರುನೋಂದಣಿಗೆ 5,000. ಅವಧಿ 10 ವರ್ಷ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ಕೇಳೋಕೆ ಚೆನ್ನಾಗಿದೆ. ಆದರೆ ಈ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೋ, ಶ್ರೀರಂಗಪಟ್ಟಣ ಹತ್ತಿರದ 'ಪಯಣ' ಕಾರ್ ಮ್ಯೂಸಿಯಂನಲ್ಲೋ ಮಿಂಚುತ್ತಾ ನಿಂತ ಕಾರುಗಳಿಗೆ ಒಪ್ಪುವ ನಿಯಮ ಇದು. ಚಂದ್ರಗುತ್ತಿ ಜಾತ್ರೆಗೆ ಮನೆಮಂದಿಯನ್ನು ತುಂಬಿಕೊಂಡು ಹೋಗುವ ಜೀಪಿಗಲ್ಲ.

ಇನ್ನೊಂದು ತೊಡಕು ಮಲೆನಾಡಿಗೇ ವಿಶೇಷ. ನಿಯಮದ ಪ್ರಕಾರ ಛಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಇಲ್ಲಿನ ಹಳೇ ಜೀಪುಗಳ ಕಥೆಯೇ ಬೇರೆ. ಪೆಟ್ರೋಲ್ ಕುಡಿಯೋದನ್ನು ತಾಳಲಾರದೆ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದು, ಹಿಂದಿನ ಬಾಡಿ ಉದ್ದ ಮಾಡಿ ಎದುರುಬದುರು ಸೀಟು ಹಾಕಿಸಿದ್ದು, ಮಳೆಗೆ ಹುಡ್ ತೆಗೆದು ತಗಡು ಹೊದಿಸಿದ್ದು. ಆ ಕಾಲಕ್ಕೆ ಅದು ಶೋಕಿ ಅಲ್ಲ, ಬದುಕು. ಆದರೆ ಅಂಥ ಜೀಪು 50 ವರ್ಷ ದಾಟಿದರೂ ವಿಂಟೇಜ್ ಪಟ್ಟಿಗೆ ಏರೋದು ಕಷ್ಟ. ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ಹತ್ತದೇ ಇದ್ದರಂತೂ ಸಾಮಾನ್ಯ ನವೀಕರಣಕ್ಕೂ ತೊಂದರೆ.

ಹೀಗಾಗಿ 20ರಿಂದ 50 ವರ್ಷದ ನಡುವಿನ ಗಾಡಿಗಳು ಯಾವ ಕಡೆಗೂ ಇಲ್ಲ. ತಾಲ್ಲೂಕಿನ ಜನಕ್ಕೆ ಹತ್ತಿರವಾದವೂ ಅವೇ. 1983ರ ಡಿಸೆಂಬರ್‌ನಲ್ಲಿ ಬಂದು 2014ರ ಜನವರಿಯಲ್ಲಿ ನಿಂತ ಮಾರುತಿ 800, 2019ರಲ್ಲಿ ನಿಂತ ಓಮ್ನಿ, ಪ್ರೀಮಿಯರ್ ಪದ್ಮಿನಿ, 2014ರ ತನಕ ತಯಾರಾದ ಅಂಬಾಸಿಡರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಂದರೆ ಅಲ್ಲಿಂದ ಹೊರಬಂದ ಕೊನೇ ಯೆಜ್ಡಿ ಕೂಡ 20 ದಾಟಿ ಆಗಿದೆ. ನಮ್ಮದೇ ರಾಜ್ಯದಲ್ಲಿ ತಯಾರಾದ ಬೈಕು ಅನ್ನೋ ಅಭಿಮಾನಕ್ಕೆ ಐದು ವರ್ಷಕ್ಕೊಮ್ಮೆ 2,000 ಕಟ್ಟೋರು ಕಟ್ಟುತ್ತಾರೆ. ಕಲೆಕ್ಷನ್ ಮಾಡುವ ಶ್ರೀಮಂತರಿಗೂ ದಿನಬಳಕೆಯ ಸಣ್ಣ ವ್ಯಾಪಾರಿಗೂ ಒಂದೇ ಶುಲ್ಕ ಇಟ್ಟಿರೋದು ಸರಿಯಲ್ಲ. ಹಳೇ ಗಾಡಿ ಹೊಗೆ ಹೆಚ್ಚು ಬಿಡುತ್ತದೆ ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಹೊಗೆ ತಪಾಸಣೆಯಲ್ಲೂ ಆರ್‌ಟಿಒ ಪರೀಕ್ಷೆಯಲ್ಲೂ ಪಾಸಾದ ಗಾಡಿಗೆ ಬರೀ ವಯಸ್ಸಿನ ಲೆಕ್ಕದಲ್ಲಿ ದುಪ್ಪಟ್ಟು ಯಾಕೆ ಅನ್ನೋದಕ್ಕೆ ಆ ವಾದ ಉತ್ತರ ಕೊಡುವುದಿಲ್ಲ.

ಮಾಡಿಫೈ ಮಾಡೋ ಮುಂಚೆ

ಹಳೇದನ್ನು ಹಳೇದರಂತೆ ಸರಿಮಾಡಿಸೋದು ಒಂದು, ರೂಪವನ್ನೇ ಬದಲಿಸೋದು ಇನ್ನೊಂದು. ಎರಡನೆಯದಕ್ಕೆ ಕಾನೂನು ಗಟ್ಟಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಮನಿಸಿ, ಗಾಡಿಗೆ ಇಷ್ಟು ಅಂತಲ್ಲ, ಬದಲಾವಣೆಗೆ ಇಷ್ಟು.

ಬಣ್ಣ ಬದಲಿಸಬಹುದು, ಆದರೆ ಆರ್‌ಸಿಯಲ್ಲಿ ನಮೂದಾಗಬೇಕು. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಗ್ಯಾಸ್ ಕಿಟ್ ಕೂಡ ಅನುಮೋದಿತದ್ದೇ ಆಗಿರಬೇಕು. ಛಾಸಿ ಕತ್ತರಿಸೋದು, ಕಿವಿಗಡಚಿಕ್ಕುವ ಸೈಲೆನ್ಸರ್, ಬಾಡಿಯಿಂದ ಹೊರಚಾಚುವ ಟೈರು, ಇವೆಲ್ಲ ನೇರ ತಪ್ಪು. ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿ ಮೊದಲು ನೋಡೋದೂ ಇದನ್ನೇ.

ಸರಿಮಾಡಿಸುವ ಕೆಲಸದಲ್ಲಿ ಊರಿಗೆ ದುಡಿಮೆ ಇದೆ ಅನ್ನೋದನ್ನು ಮರೆಯಬಾರದು. ಒಂದು ಜೀಪು ಮೇಲೇಳಬೇಕಾದರೆ ಮೆಕ್ಯಾನಿಕ್ಕು, ಟಿಂಕರ್, ಪೇಂಟರ್, ಕುಶನ್ ಕೆಲಸದವರು, ಲೇತ್ ಇಟ್ಟವರು, ವೈರಿಂಗ್‌ನವರು ಎಲ್ಲರ ಕೈಯೂ ಬೀಳಬೇಕು. ಸಿಗದ ಸಾಮಾನಿಗೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಇದೆ, ಎರಕದ ಕೆಲಸಕ್ಕೆ ಅಲ್ಲಿನ ಫೌಂಡ್ರಿಗಳಿವೆ. ಕಾರ್ಬುರೇಟರ್ ಕಿವಿಯಿಂದಲೇ ಟ್ಯೂನ್ ಮಾಡುವ ಹಿರಿಯ ಮೇಸ್ತ್ರಿಗಳು ಕಡಿಮೆ ಆಗ್ತಿದ್ದಾರೆ. ಸ್ಕ್ಯಾನರ್ ಹಚ್ಚಿ ಕಲಿತ ಹುಡುಗರಿಗೆ ಆ ಕೆಲಸ ಹೊಸದು. ಹಳೇ ಗಾಡಿ ರಸ್ತೆಯಿಂದ ಹೋದರೆ ಈ ವಿದ್ಯೆಯೂ ಅದರ ಜೊತೆಗೇ ಹೋಗುತ್ತದೆ.

ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಕಾರ್ಬುರೇಟರ್ ಗಾಡಿಗಳನ್ನು ಮಾಡುವಾಗ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಕೆಲವು ಹಳೇ ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಎಥನಾಲ್ ನೀರಿನಂಶ ಎಳೆದುಕೊಳ್ಳುವ ಗುಣದ್ದು. ನಮ್ಮ ಮಳೆಗಾಲದಲ್ಲಿ ಮೂರು ತಿಂಗಳು ಓಡಿಸದೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹಿಡಿಯೋದು ಹೀಗೇ. ನಿಲ್ಲಿಸೋ ಮುಂಚೆ ಕಾರ್ಬುರೇಟರ್ ಖಾಲಿ ಮಾಡಿಸಿ, ಹಳೇ ಪೆಟ್ರೋಲ್ ಪೈಪ್ ಬದಲಿಸಿಕೊಂಡರೆ ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಹಾಗೇ ಛಾಸಿ ನಂಬರ್ ಕೊರೆದ ಜಾಗಕ್ಕೆ ಒಂದಿಷ್ಟು ಗ್ರೀಸ್ ಸವರಿಡಿ. ತಪಾಸಣೆಯ ದಿನ ಆ ನಂಬರು ತುಕ್ಕಿನಲ್ಲಿ ಓದಲು ಬಾರದೇ ಹೋದರೆ ಹತ್ತು ಸಾವಿರ ಕಟ್ಟಿದರೂ ಗಾಡಿ ಪಾಸಾಗೋದಿಲ್ಲ.