ಬಾವಿ ಕಟ್ಟುವ ಮೀನು

ಈ ಸಲ ಖುಲ್ತಾಬಾದಿನಿಂದ ಪತ್ರ ಬಂದಿದೆ. ಬರೆದವರು ಬೀದರ ಕಡೆಯವರು, ಕೆಲಸದ ಮೇಲೆ ಅಲ್ಲಿಗೆ ವರ್ಗವಾಗಿ ಹೋದವರು. ಮಗಳು ರಜೆಗೆ ಮುಂಬೈಗೆ ಬಂದಾಗ ಪರಿಚಯದವರ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಜಾಫಿಶ್ ನೋಡಿದ್ದಾಳೆ. ಅಂದಿನಿಂದ ಅದೇ ಬೇಕೆಂದು ಹಟ. "ಮುಂಬೈ ಸಮುದ್ರ ಇಲ್ಲಿಂದ ಮುನ್ನೂರು ಕಿಲೋಮೀಟರ್ ದಾರಿ. ನಮ್ಮಲ್ಲಿ ಕುಡಿಯುವ ನೀರಿಗೇ ತತ್ವಾರ. ಈ ಗುಡ್ಡದ ಮೇಲೆ ಅದನ್ನು ಸಾಕಬಹುದೇ, ಅಥವಾ ಮಗಳಿಗೆ ಈಗಲೇ ಇಲ್ಲ ಅಂದುಬಿಡಲೇ?" ಎಂದು ಕೇಳಿದ್ದಾರೆ.

ಸಾಕಬಹುದು. ಆದರೆ ಮೀನನ್ನು ಎಲ್ಲದಕ್ಕಿಂತ ಕೊನೆಗೆ ತರಬೇಕು. ಮೊದಲು ನೆಲ, ಆಮೇಲೆ ಮುಚ್ಚಳ, ಆಮೇಲೆ ನೀರು.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಳದಿ ತಲೆಯ ಜಾಫಿಶ್. ಫ್ಲಾರಿಡಾ, ಬಹಾಮಾಸ್, ಕೆರಿಬಿಯನ್ ಕಡಲಿನದು. ಬೆರಳುದ್ದದ ಮೀನು, ದೊಡ್ಡ ಕಣ್ಣು, ಮೈಗೆ ಮೀರಿದ ಬಾಯಿ. ಬಾಲ ಕೆಳಗೆ, ತಲೆ ಮೇಲೆ ಮಾಡಿಕೊಂಡು ತನ್ನ ಬಿಲದ ಮೇಲೆ ನೇರವಾಗಿ ನಿಂತಿರುತ್ತದೆ. ನೆರಳು ಬಿದ್ದರೆ ಸಾಕು, ಬಾಲ ಮುಂದಾಗಿ ಹಿಮ್ಮುಖವಾಗಿ ಒಳಗಿಳಿಯುತ್ತದೆ. ಬಾಯಿಯೇ ಅದಕ್ಕೆ ಸನಿಕೆ, ಬಾಯಿಯೇ ಬುಟ್ಟಿ. ಬಾಯ್ತುಂಬ ಮರಳು ತುಂಬಿಕೊಂಡು ಬಂದು ಆಚೆ ಉಗುಳಿ ಮತ್ತೆ ಒಳಗೆ ಹೋಗುವುದನ್ನು ನೋಡುತ್ತಾ ಕೂತರೆ ಟೀವಿ ಬೇಡ.

ಜನ ಎಡವುವುದು ಇಲ್ಲೇ. ಚೆಂದ ಕಾಣಲೆಂದು ಟ್ಯಾಂಕಿನ ತಳಕ್ಕೆ ಒಂದು ಅಂಗುಲ ಬಿಳಿ ನುಣುಪು ಮರಳು ಹಾಕುತ್ತಾರೆ. ಬರೀ ಮರಳಿನಲ್ಲಿ ಬಿಲ ನಿಲ್ಲುವುದಿಲ್ಲ, ತೋಡಿದಷ್ಟೂ ಕುಸಿಯುತ್ತದೆ. ಬಿಲವಿಲ್ಲದ ಜಾಫಿಶ್ ಮೂಲೆಗೆ ಸೇರಿ, ಉಣ್ಣುವುದು ಬಿಟ್ಟು, ಕೆಲವೇ ದಿನಗಳಲ್ಲಿ ಸೊರಗುತ್ತದೆ. ನಮ್ಮೂರುಗಳ ಹಳೆಯ ಬಾವಿ ನೆನಪಿಸಿಕೊಳ್ಳಿ: ತೋಡಿದರೆ ಮುಗಿಯಿತೇ? ಒಳಗೋಡೆಗೆ ಕಲ್ಲು ಕಟ್ಟದಿದ್ದರೆ ಮೊದಲ ಮಳೆಗೇ ಮಣ್ಣು ಕುಸಿಯುತ್ತದೆ. ಈ ಮೀನು ಮಾಡುವುದೂ ಅದನ್ನೇ. ಚಿಪ್ಪಿನ ಚೂರು, ಸಣ್ಣ ಕಲ್ಲುಗಳನ್ನು ಆರಿಸಿ ತಂದು, ತಿರುಗಿಸಿ ನೋಡಿ, ಗೋಡೆಗೆ ಕೂರಿಸುತ್ತದೆ. (ಖುಲ್ತಾಬಾದಿನವರಿಗೆ ಪಕ್ಕದಲ್ಲೇ ವೇರೂಳ. ರಾಷ್ಟ್ರಕೂಟ ಕೃಷ್ಣನ ಕಾಲದ ಕೈಲಾಸವನ್ನು ಇಡಿಯ ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕಡಿದರು, ಅಲ್ಲಿ ಕುಸಿಯುವ ಭಯವಿರಲಿಲ್ಲ. ಪಾಪ, ಮೀನಿಗೆ ಆ ಅನುಕೂಲವಿಲ್ಲ.)

ಆದ್ದರಿಂದ ತಳ ಕನಿಷ್ಠ 4ರಿಂದ 6 ಅಂಗುಲ ದಪ್ಪ ಇರಲಿ. ಟ್ಯಾಂಕ್ ಪೂರ್ತಿ ಬೇಡವೆಂದರೆ ಒಂದು ಬದಿಯಲ್ಲಾದರೂ ಅಷ್ಟಿರಲಿ. ನುಣುಪು ಮರಳು, ದಪ್ಪ ಮರಳು, ಕಡಲೆ ಗಾತ್ರದಿಂದ ಅಡಿಕೆ ಗಾತ್ರದವರೆಗಿನ ಚೂರುಗಳು ಎಲ್ಲ ಬೆರೆತಿರಲಿ. ದೊಡ್ಡ ಕಲ್ಲುಗಳನ್ನು ಮರಳಿನ ಮೇಲಿಡಬೇಡಿ, ಗಾಜಿನ ತಳಕ್ಕೇ ತಾಗುವಂತೆ ಮೊದಲು ಕೂರಿಸಿ. ಇಲ್ಲವಾದರೆ ಮೀನು ಅಡಿಯಲ್ಲಿ ತೋಡಿ, ಕಲ್ಲು ಅದರ ಮೇಲೆಯೇ ಜರಿಯುತ್ತದೆ.

ಚೂರು ಎಲ್ಲಿಂದ ತರುವುದು? ಹವಳದ ತುಂಡು ತಂದುಕೊಡುತ್ತೇನೆಂದು ಯಾರಾದರೂ ಅಂದರೆ ಬೇಡವೆನ್ನಿ. ನಮ್ಮ ಹವಳದ ದಿಬ್ಬಗಳ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಅದರ ಬದಲು ಮಂಗಳೂರು ಕಡೆಯ ಗೆಳೆಯರಿದ್ದರೆ ಅವರನ್ನು ಹಿಡಿಯಿರಿ. ಮರುವಾಯಿ ಸುಕ್ಕ ಆದ ಮೇಲೆ ಉಳಿಯುವ ಚಿಪ್ಪನ್ನು ಚೆನ್ನಾಗಿ ಕುದಿಸಿ, ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದರೆ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಚೂಪು ಅಂಚುಗಳನ್ನು ಮಾತ್ರ ಕಲ್ಲಿಗೆ ತಿಕ್ಕಿ ಮೊಂಡು ಮಾಡಿ.

ಇನ್ನು ಮುಚ್ಚಳ. ಜಾಫಿಶ್ ಬೆದರಿದರೆ ಹಾರುತ್ತದೆ, ಸಣ್ಣ ಸಂದಿಯೂ ಅದಕ್ಕೆ ಸಾಕು. ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿರುವ ಮೀನು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ದುಃಖ. ಗಾಜು ಮುಚ್ಚಿದರೆ ಬೇಸಿಗೆಯಲ್ಲಿ ನೀರು ಕಾಯುತ್ತದೆ. ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆಪರದೆಯನ್ನು ಚೌಕಟ್ಟಿಗೆ ಬಿಗಿದು ಹಾಕಿ. ತಂತಿಯ ಬಲೆ ಬೇಡ, ಉಪ್ಪಿಗೆ ತುಕ್ಕು ಹಿಡಿಯುತ್ತದೆ.

ನೀರಿನ ವಿಷಯಕ್ಕೆ ಬರೋಣ. ಬೋರ್‌ವೆಲ್ ನೀರು ನೇರ ಬಳಸುವಂತಿಲ್ಲ, ಆರ್‌ಒ ನೀರು ಬೇಕು. ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪು, ಅಂದರೆ 100 ಲೀಟರಿಗೆ ಮೂರೂವರೆ ಕಿಲೋ. ಅಡುಗೆ ಉಪ್ಪಿನಿಂದ ಕೆಲಸ ನಡೆಯದು, ಅದರಲ್ಲಿ ಕಡಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲ. ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ವಾರಕ್ಕೆ 10 ಲೀಟರ್ ಬದಲಿಸಿದರೆ 20-30 ಲೀಟರ್ ಹೊರಹೋಗುವ ನೀರು. ಅದು ನೆಲ ಒರೆಸಲಿಕ್ಕೆ, ಬಟ್ಟೆಗೆ ಆಗುತ್ತದೆ, ಹಿಡಿದಿಡಿ. ದೂರದ ಚಿಲುಮೆಗಳಿಂದ ಕಾಲುವೆಯಲ್ಲಿ ಔರಂಗಾಬಾದಿಗೆ ನೀರು ಹರಿಸಿದ ಮಲಿಕ್ ಅಂಬರನ ಸಮಾಧಿ ಇರುವ ಊರು ನಿಮ್ಮದು, ಹನಿಯ ಬೆಲೆ ನಾನು ಹೇಳಿಕೊಡಬೇಕಿಲ್ಲ. ಟ್ಯಾಂಕಿನಿಂದ ತೆಗೆದ ಉಪ್ಪುನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ.

ಒಂದು ವಿಷಯದಲ್ಲಿ ಖುಲ್ತಾಬಾದಿನವರು ಮುಂಬೈಯ ನಮಗಿಂತ ಅದೃಷ್ಟವಂತರು. ಈ ಮೀನಿಗೆ 24ರಿಂದ 26 ಡಿಗ್ರಿ ಹಿತ. ಮುಂಬೈಯ ಬೆವರುಗಾಳಿಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೂ ಹೆಚ್ಚು ತಣಿಯದು. ಮರಾಠವಾಡದ ಒಣಗಾಳಿಯಲ್ಲಿ ಅದೇ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ನಿಮ್ಮ ಮನೆಯ ಕೂಲರ್ ಕೆಲಸ ಮಾಡುವ ರೀತಿಯಲ್ಲೇ. ಆದರೂ 40 ಡಿಗ್ರಿ ದಾಟುವ ಮೇ ತಿಂಗಳಿಗೆ ಅದು ಸಾಲದು. ಚಿಲ್ಲರ್ ಕೊಳ್ಳಬೇಕು, ಇಲ್ಲವೇ ಟ್ಯಾಂಕನ್ನು ಎ.ಸಿ. ಇರುವ ಕೋಣೆಯಲ್ಲಿಡಬೇಕು. ಫ್ಯಾನ್ ಬಿಟ್ಟಷ್ಟೂ ನೀರು ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನವೂ ಕಡಿಮೆಯಾದಷ್ಟಕ್ಕೆ ಸಿಹಿ ಆರ್‌ಒ ನೀರನ್ನೇ ತುಂಬಿ. ಕರೆಂಟ್ ಹೋದಾಗಿನ ಗಂಟೆಗಳಿಗೆ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ನೀಲಿ ಚುಕ್ಕೆಯ ಜಾಫಿಶ್ ಇನ್ನೂ ಚೆಂದ, ಮಗಳು ಚಿತ್ರ ನೋಡಿದರೆ ಅದನ್ನೇ ಕೇಳುತ್ತಾಳೆ. ಕೊಡಿಸಬೇಡಿ. ಅದು ಮೆಕ್ಸಿಕೋ ಪಕ್ಕದ ಕ್ಯಾಲಿಫೋರ್ನಿಯಾ ಕೊಲ್ಲಿಯ ತಂಪುನೀರಿನದು. ನಮ್ಮ ಬೇಸಿಗೆಯಲ್ಲಿ ಅದನ್ನು ಇಡುವುದು ಜೀವಕ್ಕೆ ಮಾಡುವ ಅನ್ಯಾಯ.

ನೆಲ, ನೀರು ಸಿದ್ಧವಾದ ಮೇಲೆ ಮೀನಿಲ್ಲದೆ ಒಂದೂವರೆ ತಿಂಗಳು ಟ್ಯಾಂಕ್ ಓಡಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಬೇಕು, ಟೆಸ್ಟ್ ಕಿಟ್ ಮಗಳ ಕೈಗೇ ಕೊಡಿ. ವಾರಕ್ಕೆರಡು ಸಲ ನೋಡಿ ಬರೆದಿಡಲಿ. ಈ ಕಾಯುವಿಕೆಯಲ್ಲಿ ಅವಳಿಗೆ ಬೇಜಾರಾಗಿ ಕಿಟ್ ಮೂಲೆಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಕಡಲಿನಿಂದ ಒಂದು ಮೀನು ಕಡಿಮೆ ಬಂತು, ಅಷ್ಟೇ. ಬರೆಯುತ್ತಲೇ ಇದ್ದರೆ ಒಂದು ಮೀನು ತನ್ನಿ. ಜಗಳಗಂಟ ಮೀನುಗಳ ಜೊತೆ ಬಿಡಬೇಡಿ. ಸಣ್ಣ ಸೀಗಡಿಯಂಥ ಮೈಸಿಸ್ ಅನ್ನು ದಿನಕ್ಕೆ ಎರಡು ಮೂರು ಸಲ ಸ್ವಲ್ಪಸ್ವಲ್ಪವೇ ಬಿಲದ ಹತ್ತಿರ ಬಿಡಿ. ಆಹಾರ ಹುಡುಕಿಕೊಂಡು ಅದು ದೂರ ಹೋಗುವುದಿಲ್ಲ.

ಮೊದಲ ವಾರ ರಾತ್ರಿ ಲೈಟನ್ನು ಒಮ್ಮೆಲೇ ಆರಿಸಬೇಡಿ. ಮೊದಲು ಟ್ಯಾಂಕಿನದು, ಅರ್ಧ ಗಂಟೆ ಬಿಟ್ಟು ಕೋಣೆಯದು. ಬಿಲ ಮುಗಿಸಿದ ಮೀನು ಆ ಅರ್ಧ ಗಂಟೆಯಲ್ಲಿ ಒಂದು ಚಿಪ್ಪಿನ ಚೂರು ಹುಡುಕಿ ತಂದು, ಒಳಗಿನಿಂದ ಬಾಯಿಗೆ ಎಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಮಗಳಿಗೆ ಅದನ್ನು ತೋರಿಸಿ.